ಉದ್ಯೋಗ ಮೇಳದ ಮೂರನೆಯ ಸಂಖ್ಯೆ

ಮಾನ್ಯ ಸಂಪಾದಕರಿಗೆ,

ಮಹಾನಗರದಲ್ಲಿ ಉದ್ಯೋಗ ಮೇಳ ನಡೆದ ಮರುದಿನದ ಸುದ್ದಿಯಲ್ಲಿ ಸಾಮಾನ್ಯವಾಗಿ ಎರಡು ಸಂಖ್ಯೆಗಳಿರುತ್ತವೆ: ಹೆಸರು ನೋಂದಾಯಿಸಿದವರು ಎಷ್ಟು ಮಂದಿ, ಸ್ಥಳದಲ್ಲೇ ನೇಮಕಾತಿ ಪತ್ರ ಪಡೆದವರು ಎಷ್ಟು ಮಂದಿ. ಕೌಶಲ ತರಬೇತಿ ಕೇಂದ್ರಗಳ ವರದಿಯೂ ಬಹುಮಟ್ಟಿಗೆ ಹೀಗೇ ಇರುತ್ತದೆ. ಸೇರಿದವರು ಇಷ್ಟು, ಪ್ರಮಾಣಪತ್ರ ಪಡೆದವರು ಇಷ್ಟು. ಮೂರನೆಯ ಸಂಖ್ಯೆಯೊಂದಿದೆ. ಕೆಲಸಕ್ಕೆ ಸೇರಿದ 180ನೆಯ ದಿನ ಇನ್ನೂ ಸಂಬಳ ಎಣಿಸುತ್ತಿರುವವರು ಎಷ್ಟು ಮಂದಿ? ಅದನ್ನು ಕೇಳುವವರು ಕಡಿಮೆಯಾದ್ದರಿಂದ ಲೆಕ್ಕ ಇಡುವವರೂ ಕಡಿಮೆ. ನಗರದ ನಿರುದ್ಯೋಗಕ್ಕೆ ಮದ್ದು ಹುಡುಕುವವರು ಈ ಮೂರನೆಯ ಸಂಖ್ಯೆಯಿಂದ ಹೊರಟು ಹಿಂದಕ್ಕೆ ನಡೆದುಬರಬೇಕು ಎಂಬುದು ನಮ್ಮ ಅಭಿಪ್ರಾಯ. ಹಾಗೆ ಬಂದರೆ ಪಠ್ಯ, ಪರೀಕ್ಷೆ, ಸಂದರ್ಶನ, ಬಸ್ಸಿನ ವೇಳೆ ಎಲ್ಲವೂ ಬೇರೆಯಾಗಿ ಕಾಣತೊಡಗುತ್ತವೆ.

ನೇಮಕಾತಿ ಪತ್ರ ಕೈಸೇರಿದ ದಿನದಿಂದ ಆರನೆಯ ತಿಂಗಳವರೆಗಿನ ದಾರಿಯಲ್ಲಿ ಜನ ಉದುರುವ ಜಾಗಗಳು ಹೆಚ್ಚುಕಡಿಮೆ ಎಲ್ಲ ದೊಡ್ಡ ನಗರಗಳಲ್ಲೂ ಒಂದೇ. ಮೊದಲನೆಯದು, ಪತ್ರ ಸಿಕ್ಕ ದಿನಕ್ಕೂ ಹಾಜರಾಗಬೇಕಾದ ದಿನಕ್ಕೂ ನಡುವಿನ ಅಂತರ. ಎರಡು ಮೂರು ವಾರ ಕಾಯಿಸಿದರೆ, ದಿನಗೂಲಿ ಬಿಟ್ಟು ಬದುಕಲಾಗದವರು ಸಿಕ್ಕ ಕೆಲಸ ಹಿಡಿಯುತ್ತಾರೆ. ಎರಡನೆಯದು ಮೊದಲ ವಾರ. ಮೇಳದ ಮೇಜಿನ ಮೇಲೆ ಹೇಳಿದ ಸಂಬಳ ಕಡಿತಕ್ಕೆ ಮುಂಚಿನದು, ಹೆಚ್ಚುವರಿ ಗಂಟೆಗಳ ದುಡಿಮೆಯನ್ನೂ ಸೇರಿಸಿ ಹೇಳಿದ್ದು ಎಂಬುದು ಆಗ ಗೊತ್ತಾಗುತ್ತದೆ. ಪಾಳಿ ಬದಲಾಗುತ್ತಿರುತ್ತದೆ ಎಂಬುದೂ ಆಗಲೇ. ಮೂರನೆಯದು ಬಹಳ ಜನ ಗಮನಿಸದ ಜಾಗ: ಮೊದಲ ಸಂಬಳದ ದಿನ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಸಂಸ್ಥೆ ಪ್ರತಿ ತಿಂಗಳ 21ರಿಂದ ಮುಂದಿನ ತಿಂಗಳ 20ರವರೆಗಿನ ಹಾಜರಾತಿಗೆ ನಂತರದ 1ನೇ ತಾರೀಕು ಸಂಬಳ ಕೊಡುತ್ತದೆ ಎನ್ನಿ. ಜನವರಿ 21ಕ್ಕೆ ಸೇರಿದವರಿಗೆ ಮೊದಲ ಸಂಬಳ ಬರುವುದು ಮಾರ್ಚ್ 1ಕ್ಕೆ, ಅಂದರೆ 39 ದಿನ ಕಾಯಬೇಕು. ಅಷ್ಟರಲ್ಲಿ ಬಾಡಿಗೆ, ಊಟ, ಬಸ್ಸಿನ ಚೀಟಿ, ಸಮವಸ್ತ್ರದ ಮುಂಗಡ ಎಲ್ಲವೂ ಸಾಲದಿಂದ. ಅದೇ ವ್ಯಕ್ತಿ ಫೆಬ್ರವರಿ 12ಕ್ಕೆ ಸೇರಿದರೆ 17 ದಿನದಲ್ಲಿ ಒಂಬತ್ತು ದಿನದ ಕೂಲಿಯಾದರೂ ಕೈಗೆ ಬರುತ್ತದೆ. ಹಾಜರಾತಿ ಮುಗಿಯುವ ಒಂದು ವಾರ ಮುಂಚೆ ಸೇರಿಸಿಕೊಳ್ಳುವುದು, ಇಲ್ಲವೇ ಮೊದಲ ಎರಡು ತಿಂಗಳು ದುಡಿದ ದಿನಗಳ ಅರ್ಧ ಕೂಲಿಯನ್ನು ವಾರಕ್ಕೊಮ್ಮೆ ಮುಂಗಡವಾಗಿ ಕೊಟ್ಟು ಸಂಬಳದಲ್ಲಿ ಹಿಡಿದುಕೊಳ್ಳುವುದು, ಇವೆರಡರಲ್ಲಿ ಯಾವುದಕ್ಕೂ ಸಂಸ್ಥೆಗೆ ಹೇಳಿಕೊಳ್ಳುವಂಥ ಖರ್ಚಿಲ್ಲ. ಆದರೂ ಇದನ್ನು ಕೇಳಿ ಮಾಡಿಸುವ ತರಬೇತಿ ಕೇಂದ್ರ ಅಪರೂಪ. ‘ಹುಡುಗರಿಗೆ ತಾಳ್ಮೆ ಇಲ್ಲ, ಒಂದು ತಿಂಗಳೂ ನಿಲ್ಲುವುದಿಲ್ಲ’ ಎಂಬ ದೂರು ಮಾತ್ರ ಎಲ್ಲೆಡೆ ಕೇಳಿಸುತ್ತದೆ. ಸಾಲ ಮಾಡಿ ಕೆಲಸಕ್ಕೆ ಹೋಗಬೇಕಾದವರನ್ನು ತಾಳ್ಮೆಗೇಡಿಗಳೆನ್ನುವುದು ಅನ್ಯಾಯ.

ನೇಮಕಾತಿ ಪತ್ರದ ಜೊತೆಗೆ ಒಂದೇ ಪುಟದ ಒಂದು ಚೀಟಿ ಕಡ್ಡಾಯವಾಗಲಿ. ಕಡಿತ ಕಳೆದು ಕೈಗೆ ಬರುವ ಮೊತ್ತ, ಹೆಚ್ಚುವರಿ ಗಂಟೆಯ ದರ, ಮೊದಲ ಸಂಬಳದ ತಾರೀಕು, ಪಾಳಿಯ ವೇಳೆ ಮತ್ತು ಅದು ಬದಲಾಗುವ ರೀತಿ, ಕೆಲಸದ ಜಾಗದ ನಿಖರ ವಿಳಾಸ, ಮೊದಲ ದಿನ ಯಾರನ್ನು ಕಾಣಬೇಕು ಎಂಬ ಹೆಸರು. ವಿಳಾಸ ಏಕೆಂದರೆ, ಸಂಸ್ಥೆಯ ಮುಖ್ಯ ಕಚೇರಿ ನಗರದ ನಡುವೆ ಇದ್ದು ಕೆಲಸ ಹೊರವಲಯದ ಗೋದಾಮಿನಲ್ಲಿರುವುದು ಮಾಮೂಲು.

ಇನ್ನು ತರಬೇತಿಯ ವಿಷಯ. ಪಠ್ಯವನ್ನು ಕೆಲಸದಿಂದ ಬರೆಯಬೇಕು. ನಮ್ಮಲ್ಲಿ ಅದನ್ನು ಪುಸ್ತಕದಿಂದ ಬರೆಯುತ್ತಾರೆ. ಕೆನಡಾದಲ್ಲಿ 1960ರ ದಶಕದಲ್ಲಿ ರೂಪುಗೊಂಡ ‘ಡೇಕಮ್’ ಎಂಬ ಕ್ರಮ ಈಗಲೂ ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆ. ಆ ಕೆಲಸವನ್ನು ದಿನವೂ ಮಾಡುವ 5ರಿಂದ 12 ಮಂದಿ ನುರಿತವರನ್ನು ಸುಮಾರು ಎರಡು ದಿನ ಕೂರಿಸಿ, ಬೆಳಗಿನಿಂದ ಸಂಜೆಯವರೆಗೆ ಅವರು ಏನೇನು ಮಾಡುತ್ತಾರೆ ಎಂಬುದನ್ನು ಒಂದೊಂದು ಚೀಟಿಯಲ್ಲಿ ಒಂದೊಂದು ಕ್ರಿಯೆಯಾಗಿ ಬರೆಸಿ ಗೋಡೆಗೆ ಅಂಟಿಸುತ್ತಾರೆ. ಆಮೇಲೆ ಪ್ರತಿ ಚೀಟಿಗೆ ಮೂರು ಗುರುತು ಹಾಕಿಸಿದರೆ ಅನುಕೂಲ: ಎಷ್ಟು ಸಲ ಮಾಡಬೇಕಾಗುತ್ತದೆ, ತಪ್ಪಿದರೆ ಎಷ್ಟು ನಷ್ಟ, ಕಲಿಯಲು ಎಷ್ಟು ದಿನ. ಪದೇ ಪದೇ ಮಾಡುವಂಥದ್ದು, ತಪ್ಪಿದರೆ ಅಪಾಯ ತರುವಂಥದ್ದು ತರಗತಿಗೆ ಬರಲಿ. ವರ್ಷಕ್ಕೊಮ್ಮೆ ಬರುವ ಕೆಲಸವನ್ನು ಕೆಲಸದ ಜಾಗದಲ್ಲೇ ಕಲಿತರಾಯಿತು.

ಇಲ್ಲಿ ಎಡವುವುದು ಎಲ್ಲಿ ಎಂದರೆ, ಕೈಯಾರೆ ಕೆಲಸ ಮಾಡುವವರ ಬದಲು ಅವರ ಮೇಲಧಿಕಾರಿಗಳು ಸಭೆಗೆ ಬಂದು ಕೂರುತ್ತಾರೆ. ಆಗ ಪಟ್ಟಿಯಲ್ಲಿ ‘ಸಂವಹನ ಕೌಶಲ’, ‘ತಂಡ ಮನೋಭಾವ’ ಎಂಬ ಪದಗಳು ತುಂಬಿಕೊಳ್ಳುತ್ತವೆ. ಅವುಗಳನ್ನು ಕಲಿಸಲೂ ಆಗದು, ಪರೀಕ್ಷಿಸಲೂ ಆಗದು. ‘ಪಾಳಿ ಮುಗಿಯುವಾಗ ಬಾಕಿ ಕೆಲಸವನ್ನು ಮುಂದಿನ ಪಾಳಿಯವರಿಗೆ ಎರಡು ನಿಮಿಷದಲ್ಲಿ ತಿಳಿಸಿ, ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಮಾಡುವುದು’ ಎಂದು ಬರೆದರೆ ಅದೇ ಸಂವಹನ, ಮತ್ತು ಅದನ್ನು ಹತ್ತು ಸಲ ಮಾಡಿಸಿ ಕಲಿಸಬಹುದು.

ಪರೀಕ್ಷೆಯೂ ಕೆಲಸದ ತುಂಡೇ ಆಗಿರಬೇಕು. ಮನೆ ವೈರಿಂಗ್ ಕಲಿತವರ ಮುಂದೆ ಒಂದು ಚದರ ಮೀಟರಿನ ಹಲಗೆ, ಎರಡು ಟೂ-ವೇ ಸ್ವಿಚ್, ಒಂದು ದೀಪದ ಹೋಲ್ಡರ್, ಒಂದು ಸಾಕೆಟ್, ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್) ಮತ್ತು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಇರುವ ಪೆಟ್ಟಿಗೆ ಇಟ್ಟು ಮೂರು ಗಂಟೆ ಕೊಡಿ. ಮೆಟ್ಟಿಲ ದೀಪದಂತೆ ಎರಡೂ ಕಡೆಯಿಂದ ಹಚ್ಚಿ ಆರಿಸುವಂತಿರಬೇಕು. ಕರೆಂಟ್ ಕೊಡುವ ಮುನ್ನ ಅಭ್ಯರ್ಥಿ ತಾನೇ ಪರೀಕ್ಷಿಸಿ ತೋರಿಸಬೇಕು. ಅರ್ಥ್ ತಂತಿ ಕೊನೆಯವರೆಗೂ ಕಡಿಯದೆ ಬಂದಿದೆಯೇ, 500 ವೋಲ್ಟಿನ ಮೆಗ್ಗರ್‌ನಲ್ಲಿ (ತಂತಿಯಿಂದ ಕರೆಂಟ್ ಸೋರದಂತಿದೆಯೇ ಎಂದು ಅಳೆಯುವ ಸಾಧನ) ನಿರೋಧನ 1 ಮೆಗಾ ಓಮ್‌ಗಿಂತ ಕಡಿಮೆ ಇಲ್ಲವೇ, ಸ್ವಿಚ್ಚಿಗೆ ಬಂದಿರುವುದು ಫೇಸ್ ತಂತಿಯೇ ಎಂಬ ಮೂರೂ ಆಗಬೇಕು. ಮೆಗ್ಗರ್ ಹಾಕುವ ಮೊದಲು ಬಲ್ಬ್ ತೆಗೆದಿದ್ದಾರೆಯೇ ಎಂದೂ ನೋಡಬೇಕು. ತೆಗೆಯದಿದ್ದರೆ ಮೆಗ್ಗರ್ ತೋರಿಸುವ ಅಳತೆ ತಪ್ಪುತ್ತದೆ. ಇಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳು ಮೂರು. ನ್ಯೂಟ್ರಲ್ ತಂತಿಯನ್ನು ಸ್ವಿಚ್ಚಿಗೆ ಕೊಡುವುದು ಮೊದಲನೆಯದು. ದೀಪ ಆರುತ್ತದೆ, ಎಲ್ಲ ಸರಿ ಇದೆ ಎನಿಸುತ್ತದೆ, ಆದರೆ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಬಲ್ಬ್ ಬದಲಿಸುವವರಿಗೆ ಅದು ಪ್ರಾಣಕಂಟಕ. ಬ್ಲೇಡಿನಿಂದ ತಂತಿ ಸುಲಿಯುವಾಗ ಒಳಗಿನ ಎಳೆಗಳನ್ನು ಕತ್ತರಿಸಿಬಿಡುವುದು, ಟರ್ಮಿನಲ್ ತಿರುಪನ್ನು ಬಿಗಿ ಮಾಡದಿರುವುದು ಉಳಿದೆರಡು. ಎರಡರಿಂದಲೂ ಆ ಜಾಗ ಬಿಸಿಯಾಗಿ ತಿಂಗಳುಗಳ ಮೇಲೆ ಸುಡುತ್ತದೆ. ಇಂಥ ಸುರಕ್ಷತೆಯ ತಪ್ಪಿಗೆ ಅಂಕ ಕಳೆಯುವುದು ಬೇಡ, ನೇರವಾಗಿ ಅನುತ್ತೀರ್ಣ ಮಾಡಿ ಇನ್ನೆರಡು ವಾರ ಅಭ್ಯಾಸಕ್ಕೆ ಕಳಿಸಬೇಕು. ಅಂದ ಸ್ವಲ್ಪ ಕಡಿಮೆಯಾದರೆ ಅಂಕ ಕಳೆದರೆ ಸಾಕು.

ಕಚೇರಿ ಸಹಾಯಕರ ಕೆಲಸಕ್ಕೂ ಹೀಗೇ ಆಗಬೇಕು. ‘ಕಂಪ್ಯೂಟರ್ ಜ್ಞಾನ’ ಎಂಬ ಸಾಲಿಗೆ ಅರ್ಥವಿಲ್ಲ. 500 ಸಾಲುಗಳ ಒಂದು ಹಾಳೆ ಕೊಡಿ. ಅದರಲ್ಲಿ ಬೇಕೆಂದೇ ಕೆಲವು ಹೆಸರು ಎರಡು ಸಲ ಇರಲಿ, ಕೆಲವು ತಾರೀಕುಗಳಲ್ಲಿ ದಿನ ಮುಂದೆ, ಕೆಲವದರಲ್ಲಿ ತಿಂಗಳು ಮುಂದೆ ಇರಲಿ, ಸೊನ್ನೆಯಿಂದ ಶುರುವಾಗುವ ಸಂಕೇತ ಸಂಖ್ಯೆಗಳಿರಲಿ. 40 ನಿಮಿಷದಲ್ಲಿ ಸರಿಪಡಿಸಿ, ತಿಂಗಳವಾರು ಮೊತ್ತ ತೆಗೆಯಲು ಹೇಳಿ. ಒಂದೇ ಕಂಬಸಾಲನ್ನು ಆರಿಸಿ ಅಕಾರಾದಿ ಜೋಡಿಸಿದವರ ಹಾಳೆಯಲ್ಲಿ ಒಬ್ಬರ ಹೆಸರಿಗೆ ಇನ್ನೊಬ್ಬರ ಮೊತ್ತ ಅಂಟಿಕೊಳ್ಳುತ್ತದೆ. ಮುಂದಿನ ಸೊನ್ನೆಗಳು ಮಾಯವಾದದ್ದನ್ನು ಗಮನಿಸದವರು ಮುಂದೆ ಬಿಲ್ಲುಗಳನ್ನೂ ಹಾಗೇ ಕಳಿಸುತ್ತಾರೆ. ಕೆಲಸ ಶುರುಮಾಡುವ ಮುನ್ನ ಮೂಲ ಹಾಳೆಯ ಪ್ರತಿ ಇಟ್ಟುಕೊಂಡರೇ ಎಂಬುದೊಂದನ್ನೇ ನೋಡಿದರೂ ಅಭ್ಯಾಸ ಎಷ್ಟಿದೆ ಎಂದು ತಿಳಿಯುತ್ತದೆ.

ವೃದ್ಧರ, ರೋಗಿಗಳ ಆರೈಕೆಯ ಕೆಲಸ ಎಲ್ಲ ಮಹಾನಗರಗಳಲ್ಲೂ ಹೆಚ್ಚುತ್ತಿದೆ. ಅಲ್ಲಿ ಹಾಸಿಗೆಯಿಂದ ಗಾಲಿ ಕುರ್ಚಿಗೆ ಕೂರಿಸುವುದೊಂದನ್ನು ಮಾಡಿಸಿ ನೋಡಿ. ಕುರ್ಚಿಯನ್ನು ರೋಗಿಯ ಬಲವಿರುವ ಮಗ್ಗುಲಿಗೆ ಇಡಬೇಕು, ಬ್ರೇಕ್ ಹಾಕಬೇಕು, ಕಾಲಿಡುವ ತಟ್ಟೆ ಮಡಚಬೇಕು. ಎದ್ದ ಕೂಡಲೇ ನಿಲ್ಲಿಸದೆ ಹಾಸಿಗೆಯ ಅಂಚಿನಲ್ಲಿ ಒಂದೆರಡು ನಿಮಿಷ ಕೂರಿಸಬೇಕು, ಏಕೆಂದರೆ ಮಲಗಿದ್ದವರು ತಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಕಂಕುಳಿಗೆ ಕೈಹಾಕಿ ಎತ್ತಿದರೆ ರೋಗಿಯ ಭುಜದ ಕೀಲು ನೋಯುತ್ತದೆ, ಎತ್ತುವವರ ಸೊಂಟವೂ ಉಳಿಯುವುದಿಲ್ಲ. ಈ ಕೆಲಸ ಬಿಡುವವರಲ್ಲಿ ಅನೇಕರು ಬಿಡುವುದು ಬೆನ್ನುನೋವಿನಿಂದ. ತರಬೇತಿಯಲ್ಲಿ ಒಂದು ವಾರ ಇದಕ್ಕೇ ಮೀಸಲಿಟ್ಟರೆ ಮೂರನೆಯ ಸಂಖ್ಯೆ ಏರುತ್ತದೆ.

ಇಷ್ಟೆಲ್ಲ ಮಾಡಿಸಲು ಸಲಕರಣೆ ಬೇಕು ಎಂಬುದು ನಿಜ. 30 ಮಂದಿಯ ತಂಡಕ್ಕೆ ಮೂರೇ ಸಲಕರಣೆ ಪೆಟ್ಟಿಗೆಗಳಿದ್ದರೆ ನಾಲ್ಕು ಗಂಟೆಯ ಪ್ರಾಯೋಗಿಕ ತರಗತಿಯಲ್ಲಿ ಒಬ್ಬೊಬ್ಬರ ಕೈಗೆ ಅದು ಸಿಗುವುದು 24 ನಿಮಿಷ. ಉಳಿದ ಹೊತ್ತು ಗುಂಪಾಗಿ ನಿಂತು ನೋಡುತ್ತಾರೆ. 300 ಗಂಟೆಯ ತರಬೇತಿ ಎಂದು ಕಾಗದದಲ್ಲಿ ಬರೆದರೂ ಕೈ ಆಡಿದ್ದು 30 ಗಂಟೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕಟ್ಟಡ ಮತ್ತು ಫಲಕಕ್ಕೆ ಖರ್ಚು ಮಾಡುವುದಕ್ಕಿಂತ ಇಬ್ಬರಿಗೊಂದು ಪೆಟ್ಟಿಗೆ, ಬೇಕಾದಷ್ಟು ತಂತಿ, ಬಟ್ಟೆ, ತಾಮ್ರದ ಕೊಳವೆ ಒದಗಿಸುವುದು ಮುಖ್ಯ. ಕಚ್ಚಾ ಸಾಮಗ್ರಿಗೆ ಹಣ ಸಾಲದ ಕೇಂದ್ರಕ್ಕೆ ಹೊಸ ಬ್ಯಾಚ್ ಕೊಡಲೇಬಾರದು.

ಕಲಿಸಿದವರೇ ಪರೀಕ್ಷೆ ಮಾಡುವುದು ಇನ್ನೊಂದು ದೋಷ. ಬ್ಯಾಚಿಗೆ ಇಷ್ಟು ಮಂದಿ ತೇರ್ಗಡೆಯಾದರೆ ಇಷ್ಟು ಹಣ ಎಂದಿರುವಾಗ ಯಾರೂ ಅನುತ್ತೀರ್ಣರಾಗುವುದಿಲ್ಲ. ಜರ್ಮನಿಯ ವೃತ್ತಿ ತರಬೇತಿಯನ್ನು ಎಲ್ಲರೂ ಹೊಗಳುತ್ತಾರೆ. ಅಲ್ಲಿ ವಾರದಲ್ಲಿ ಮೂರು ನಾಲ್ಕು ದಿನ ಸಂಸ್ಥೆಯಲ್ಲಿ ಕೆಲಸ, ಒಂದೆರಡು ದಿನ ಶಾಲೆ, ಹೆಚ್ಚಿನ ಕಸುಬುಗಳಲ್ಲಿ ಮೂರರಿಂದ ಮೂರೂವರೆ ವರ್ಷ. ಅಷ್ಟೇ ಮುಖ್ಯವಾದದ್ದು 1969ರ ವೃತ್ತಿ ತರಬೇತಿ ಕಾಯ್ದೆಯಲ್ಲಿರುವ ಪರೀಕ್ಷಾ ಮಂಡಳಿಯ ರಚನೆ: ಮಾಲೀಕರ ಕಡೆಯವರು ಮತ್ತು ಕಾರ್ಮಿಕರ ಕಡೆಯವರು ಸಮಸಂಖ್ಯೆಯಲ್ಲಿ, ಜೊತೆಗೆ ವೃತ್ತಿ ಶಾಲೆಯ ಒಬ್ಬ ಶಿಕ್ಷಕರಾದರೂ ಇರಬೇಕು. ಪ್ರಮಾಣಪತ್ರಕ್ಕೆ ಬೆಲೆ ಬರುವುದು ಅಲ್ಲಿ. ಮೂರು ವರ್ಷದ ವ್ಯವಸ್ಥೆಯನ್ನು ಎಲ್ಲ ನಗರಗಳೂ ಕಟ್ಟಲಾರವು, ಆದರೆ ಹೊರಗಿನ ಇಬ್ಬರು ನುರಿತ ಕೆಲಸಗಾರರನ್ನು ದಿನಭತ್ಯೆ ಕೊಟ್ಟು ಪರೀಕ್ಷಕರಾಗಿ ಕೂರಿಸುವುದು ಮುಂದಿನ ತಿಂಗಳಿಂದಲೇ ಸಾಧ್ಯ.

ಪ್ರಮಾಣಪತ್ರದಲ್ಲಿ ಏನಿರಬೇಕು? ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂಬ ಸಾಲನ್ನು ಓದಿದ ಮಾಲೀಕರಿಗೆ ಹೊಸದೇನೂ ತಿಳಿಯುವುದಿಲ್ಲ. ಜೊಹಾನ್ಸ್‌ಬರ್ಗ್ ನಗರದಲ್ಲಿ ಕೆಲಸ ಹುಡುಕುತ್ತಿದ್ದ ಸುಮಾರು 6,900 ಯುವಜನರ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ನೆನಪಿಡಬೇಕಾದದ್ದು. ಅವರ ಲೆಕ್ಕ, ಸಂವಹನ, ಏಕಾಗ್ರತೆ ಮುಂತಾದ ಕೌಶಲಗಳನ್ನು ಪರೀಕ್ಷಿಸಿ, ಯಾವುದರಲ್ಲಿ ಯಾವ ಮಟ್ಟ ಎಂದು ಬರೆದ ಪತ್ರವನ್ನು ಮಾಲೀಕರಿಗೆ ತೋರಿಸುವಂತೆ ಕೆಲವರ ಕೈಗೆ ಕೊಟ್ಟರು. ಹಾಗೆ ಪಡೆದವರಲ್ಲಿ ಉದ್ಯೋಗಸ್ಥರ ಪ್ರಮಾಣ ಉಳಿದವರಿಗಿಂತ ಸುಮಾರು ಶೇ 17ರಷ್ಟು ಹೆಚ್ಚಿತು. ಹೊಸದಾಗಿ ಏನನ್ನೂ ಕಲಿಸಿರಲಿಲ್ಲ, ಇದ್ದದ್ದನ್ನು ಕಾಣುವಂತೆ ಮಾಡಿದ್ದಷ್ಟೇ. ದಕ್ಷಿಣ ಆಫ್ರಿಕಾದಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ, ಹಿಂದಿನ ಮಾಲೀಕರ ಶಿಫಾರಸು ಪತ್ರ ಲಗತ್ತಿಸಿದ ಅರ್ಜಿಗಳಿಗೆ ಮರುಕರೆ ಶೇ 60ರಷ್ಟು ಹೆಚ್ಚಾಯಿತು, ಅದರ ಲಾಭ ಮುಖ್ಯವಾಗಿ ಹೆಂಗಸರಿಗೆ ಸಿಕ್ಕಿತು. ಪರಿಚಯಸ್ಥರ ಬಲವಿಲ್ಲದವರಿಗೆ ಕಾಗದದ ಒಂದು ಮಾತು ಎಷ್ಟು ದೊಡ್ಡದು ನೋಡಿ. ಮನೆಗೆಲಸ, ಅಡುಗೆ, ಕಾವಲು, ಕಟ್ಟಡ ಕೆಲಸ ಮಾಡಿ ಬಿಟ್ಟವರಿಗೆ ‘ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಕೆಲಸ ಮಾಡಿದರು, ಸಮಯಪಾಲನೆ ಹೀಗೆ, ನಂಬಿಕೆ ಹೀಗೆ’ ಎಂದು ನಾಲ್ಕು ಸಾಲು ಬರೆದುಕೊಡುವುದು ನಮ್ಮ ನಿಮ್ಮೆಲ್ಲರ ಕೈಯಲ್ಲೇ ಇದೆ.

ಮಾಲೀಕರ ಕಡೆಯ ತಪ್ಪುಗಳನ್ನೂ ಹೇಳಬೇಕು. ಅರ್ಜಿಗಳ ರಾಶಿ ಕಡಿಮೆ ಮಾಡಲೆಂದು ಪದವಿ ಬೇಡದ ಕೆಲಸಕ್ಕೂ ಪದವಿ ಕೇಳುತ್ತಾರೆ. ಪದವೀಧರರು ಬಂದು, ಆರು ತಿಂಗಳಲ್ಲಿ ಬೇಸರಗೊಂಡು ಹೋಗುತ್ತಾರೆ. ಆ ಕೆಲಸದಲ್ಲಿ ನಿಲ್ಲಬಹುದಾಗಿದ್ದವರು ಅರ್ಜಿಯನ್ನೇ ಹಾಕಿರುವುದಿಲ್ಲ. ಜಾಹೀರಾತಿನಲ್ಲಿ ‘ಇದು ಇಲ್ಲದಿದ್ದರೆ ಮೊದಲ ದಿನ ಕೆಲಸ ನಡೆಯದು’ ಎನ್ನುವಂಥ ನಾಲ್ಕೈದು ಅರ್ಹತೆಗಳಷ್ಟೇ ಇರಲಿ. ಒಂದು ತಿಂಗಳಲ್ಲಿ ಕಲಿಸಬಹುದಾದ್ದನ್ನು ಕಡ್ಡಾಯ ಪಟ್ಟಿಯಿಂದ ತೆಗೆಯಿರಿ.

ಸಂದರ್ಶನದ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ನೋಡಿದ್ದರು. ಮುಂದೆ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ಊಹಿಸಲು ಎಷ್ಟು ವರ್ಷ ಓದಿದ್ದಾರೆ, ಎಷ್ಟು ವರ್ಷ ಅನುಭವವಿದೆ ಎಂಬ ಲೆಕ್ಕಗಳು ಬಹಳ ದುರ್ಬಲ ಸೂಚಕಗಳು, ಕೆಲಸದ ತುಂಡನ್ನೇ ಮಾಡಿಸಿ ನೋಡುವುದು ಮತ್ತು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ಸಂದರ್ಶನ ಬಲವಾದವು ಎಂಬುದು ಅವರು ಕಂಡದ್ದು. ಬೇರೆ ಸಂಶೋಧಕರ 2022ರ ಮರುಲೆಕ್ಕದಲ್ಲಿ ಅಂಕಿಗಳು ತಗ್ಗಿದರೂ ಕ್ರಮಬದ್ಧ ಸಂದರ್ಶನ ಮೊದಲ ಸ್ಥಾನಕ್ಕೇ ಬಂತು. ಆದ್ದರಿಂದ ‘ನಿಮ್ಮ ಬಗ್ಗೆ ಹೇಳಿ’ ಎಂದು ಶುರುಮಾಡಿ ಮಾತು ಹರಿದತ್ತ ಹೋಗುವುದು ಬಿಟ್ಟು, ಆರು ಪ್ರಶ್ನೆ ಮೊದಲೇ ಬರೆದಿಟ್ಟುಕೊಂಡು, ಎಲ್ಲರಿಗೂ ಅದೇ ಕ್ರಮದಲ್ಲಿ ಕೇಳಿ, ಪ್ರತಿ ಉತ್ತರಕ್ಕೆ 1ರಿಂದ 5 ಅಂಕವನ್ನು ಆಗಲೇ ಬರೆಯಬೇಕು. ಇಬ್ಬರು ಸಂದರ್ಶಕರಿದ್ದರೆ ಪರಸ್ಪರ ಮಾತಾಡುವ ಮೊದಲು ಅಂಕ ಬರೆಯಲಿ. ‘ಗಿರಾಕಿಯೊಬ್ಬರು ಸಿಟ್ಟಿನಿಂದ ಸಾಮಾನು ವಾಪಸ್ ತಂದಿದ್ದಾರೆ, ರಸೀದಿ ಇಲ್ಲ, ಮೇಲ್ವಿಚಾರಕರು ಊಟಕ್ಕೆ ಹೋಗಿದ್ದಾರೆ, ಏನು ಮಾಡುತ್ತೀರಿ?’ ಎಂಬಂಥ ಪ್ರಶ್ನೆಯಲ್ಲಿ ಭಾಷೆಯ ಥಳಕಿಗಿಂತ ವಿವೇಕ ಕಾಣುತ್ತದೆ. ಇಂಗ್ಲಿಷಿನಲ್ಲಿ ತಡವರಿಸಿದರು ಎಂಬ ಒಂದೇ ಕಾರಣಕ್ಕೆ, ಇಂಗ್ಲಿಷ್ ಬೇಡದ ಕೆಲಸದಿಂದ ಎಷ್ಟು ಒಳ್ಳೆಯ ಕೈಗಳನ್ನು ಹಿಂದಕ್ಕೆ ಕಳಿಸುತ್ತೇವೆಯೋ!

ನಗರ ದೊಡ್ಡದಾದಷ್ಟೂ ಕೆಲಸ ಒಂದು ದಿಕ್ಕಿಗೆ, ಅಗ್ಗದ ಮನೆ ಇನ್ನೊಂದು ದಿಕ್ಕಿಗೆ ಸರಿಯುತ್ತವೆ. ಅರ್ಥಶಾಸ್ತ್ರಜ್ಞ ಜಾನ್ ಕೇನ್ 1968ರಲ್ಲೇ ಅಮೆರಿಕದ ನಗರಗಳ ಬಗ್ಗೆ ಇದನ್ನು ಬರೆದಿದ್ದರು. ಎಂಟು ಗಂಟೆಯ ಪಾಳಿ, ಅರ್ಧ ಗಂಟೆಯ ಊಟ, ಹೋಗಿಬರಲು ಒಂದೂವರೆ ಗಂಟೆಯಂತೆ ಮೂರು ಗಂಟೆ ಸೇರಿದರೆ ಹನ್ನೊಂದೂವರೆ ಗಂಟೆ ಮನೆಯಿಂದ ಹೊರಗೆ. ಚಿಕ್ಕ ಮಕ್ಕಳಿರುವ ತಾಯಿಗೆ ಇದು ಆಗದ ಮಾತು. ಅವರನ್ನು ‘ಕೆಲಸ ಮಾಡಲು ಇಷ್ಟವಿಲ್ಲದವರು’ ಎಂದು ಲೆಕ್ಕದಿಂದ ಹೊರಗಿಡುತ್ತೇವೆ. ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಕೆಲಸ ಹುಡುಕುವ ಯುವಜನರ ಒಂದು ಗುಂಪಿಗೆ ಬಸ್ ಖರ್ಚು ಕೊಟ್ಟರು, ಇನ್ನೊಂದು ಗುಂಪಿಗೆ ಅರ್ಜಿ ಬರೆಯುವ ತರಬೇತಿ ಮತ್ತು ಕೌಶಲ ಪರೀಕ್ಷೆಯ ಪ್ರಮಾಣಪತ್ರ ಕೊಟ್ಟರು. ಎಂಟು ತಿಂಗಳಲ್ಲಿ ಎರಡೂ ಗುಂಪಿನವರಿಗೆ ಹೆಚ್ಚು ಭದ್ರವಾದ ಕೆಲಸಗಳು ಸಿಕ್ಕವು. ನಾಲ್ಕು ವರ್ಷದ ನಂತರ ಬಸ್ ಖರ್ಚಿನ ಪರಿಣಾಮ ಕರಗಿತ್ತು, ಪ್ರಮಾಣಪತ್ರ ಪಡೆದವರ ಗಳಿಕೆ ಮಾತ್ರ ಸುಮಾರು ಶೇ 20ರಷ್ಟು ಮುಂದಿತ್ತು. ಬಸ್ ಪಾಸ್ ಕೊಡುವುದು ಒಳ್ಳೆಯದೇ, ಆದರೆ ಅದೊಂದನ್ನೇ ಯೋಜನೆ ಎಂದು ಘೋಷಿಸಿ ಕೈತೊಳೆದುಕೊಳ್ಳಬಾರದು ಎಂಬುದಕ್ಕೆ ಇದು ಸಾಕ್ಷಿ.

ಮಾಡಬಹುದಾದ ಸಣ್ಣ ಕೆಲಸಗಳಿವೆ. ಪಾಳಿ ರಾತ್ರಿ 10ಕ್ಕೆ ಮುಗಿದು ಕೊನೆಯ ಬಸ್ಸು 9.50ಕ್ಕೆ ಹೊರಡುವುದಾದರೆ ಪಾಳಿಯನ್ನು ಇಪ್ಪತ್ತು ನಿಮಿಷ ಹಿಂದಕ್ಕೆ ಸರಿಸುವುದೋ, ಬಸ್ಸನ್ನು ಮುಂದಕ್ಕೆ ಸರಿಸುವುದೋ ಒಂದು ಸಭೆಯಲ್ಲಿ ತೀರುವ ವಿಷಯ. ಕೈಗಾರಿಕಾ ವಸಾಹತಿನ ಮಾಲೀಕರ ಸಂಘವೂ ಸಾರಿಗೆ ಸಂಸ್ಥೆಯೂ ಒಂದೇ ಮೇಜಿನ ಮುಂದೆ ಕೂರಬೇಕಷ್ಟೆ. ನಿಲ್ದಾಣದಿಂದ ಗೇಟಿನವರೆಗಿನ ಕೊನೆಯ ಒಂದು ಕಿಲೋಮೀಟರಿನಲ್ಲಿ ಬೀದಿದೀಪ, ಕೆಲಸದ ಜಾಗದಲ್ಲಿ ಹೆಂಗಸರಿಗೆ ಚಿಲಕವಿರುವ ಶೌಚಾಲಯ, ಹತ್ತಿರದಲ್ಲಿ ಶಿಶುಪಾಲನಾ ಕೇಂದ್ರ. ಶಿಶುಪಾಲನಾ ಕೇಂದ್ರ ಬೆಳಿಗ್ಗೆ 10ಕ್ಕೆ ತೆರೆದು 4ಕ್ಕೆ ಮುಚ್ಚುವುದಾದರೆ ಪಾಳಿ ಕೆಲಸದವರಿಗೆ ಅದರಿಂದ ಉಪಯೋಗವಿಲ್ಲ. ಪಾಳಿಗಿಂತ ಅರ್ಧ ಗಂಟೆ ಮುಂಚೆ ತೆರೆದು ಅರ್ಧ ಗಂಟೆ ತಡವಾಗಿ ಮುಚ್ಚಬೇಕು.

ಈಗ ಹಣದ ಮಾತು. ತರಬೇತಿ ಸಂಸ್ಥೆಗಳಿಗೆ ಹಣವನ್ನು ಮೂರನೆಯ ಸಂಖ್ಯೆಗೆ ಕಟ್ಟಬೇಕು ಎಂದು ನಾವು ಹೇಳುತ್ತಿರುವುದರಿಂದ ಅದರ ಅಪಾಯವನ್ನೂ ಹೇಳುವುದು ಕರ್ತವ್ಯ. ಅಮೆರಿಕದಲ್ಲಿ 1982ರ ಕಾಯ್ದೆಯಡಿ ತರಬೇತಿ ಕೇಂದ್ರಗಳ ಸಾಧನೆಯನ್ನು ಅಲ್ಪಾವಧಿಯ ಉದ್ಯೋಗ ಮತ್ತು ಸಂಬಳದಿಂದ ಅಳೆದಾಗ, ಹೇಗಿದ್ದರೂ ಕೆಲಸ ಸಿಗುವಂಥವರನ್ನೇ ಆರಿಸಿಕೊಳ್ಳುವ ಆಮಿಷ ಹುಟ್ಟಿತು. ಆ ಅಳತೆಗೂ ತರಬೇತಿಯಿಂದ ನಿಜವಾಗಿ ಆದ ದೀರ್ಘಕಾಲದ ಲಾಭಕ್ಕೂ ಹೊಂದಾಣಿಕೆ ಇರಲಿಲ್ಲ ಎಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ತೋರಿಸಿದರು. ಹಾಲಿನ ಕೆನೆ ತೆಗೆದುಕೊಂಡು ಹಾಲು ಬಿಟ್ಟಂತಾಗುತ್ತದೆ. ಇದಕ್ಕೆ ಎರಡು ತಡೆ ಬೇಕು. ಒಂದು, ಯಾರು ಸೇರಿದರು ಎಂಬ ದಾಖಲೆ ಮೊದಲ ದಿನವೇ ಮುಚ್ಚಿ ಸೀಲ್ ಆಗಬೇಕು: ಓದು, ವಯಸ್ಸು, ಎಷ್ಟು ತಿಂಗಳಿಂದ ಕೆಲಸವಿಲ್ಲ, ಅಂಗವೈಕಲ್ಯ, ಮನೆಯಲ್ಲಿ ಚಿಕ್ಕ ಮಕ್ಕಳು. ಆಮೇಲೆ ಹೆಸರು ಬದಲಿಸುವಂತಿಲ್ಲ, ಬಿಟ್ಟುಹೋದವರನ್ನು ಪಟ್ಟಿಯಿಂದ ಅಳಿಸುವಂತಿಲ್ಲ. ಎರಡು, ಕೆಲಸ ಸಿಗುವುದು ಕಷ್ಟವಾದವರಿಗೆ ತಲಾ ಹೆಚ್ಚಿನ ಮೊತ್ತ. ಒಟ್ಟು ಮೊತ್ತವನ್ನೂ ಒಂದೇ ಸಲ ಕೊನೆಗಿಟ್ಟರೆ ಸಣ್ಣ ಸಂಸ್ಥೆಗಳು ಮುಳುಗುತ್ತವೆ. ತರಬೇತಿ ನಡೆಯುವಾಗ ಅರ್ಧ, ಹೊರಗಿನವರ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಕಾಲು ಭಾಗ, 90ನೆಯ ಮತ್ತು 180ನೆಯ ದಿನ ಉಳಿದ ಕಾಲು ಭಾಗ ಎಂಬ ಹಂಚಿಕೆ ನಮಗೆ ಸರಿಯೆನಿಸುತ್ತದೆ.

ದೀರ್ಘ ತರಬೇತಿಗಳಿಗೆ ಈ ಗಡಿಯಾರ ಕೆಲಸಕ್ಕೆ ಸೇರಿದ ದಿನದಿಂದ ಓಡಬೇಕೇ ಹೊರತು ತರಬೇತಿಗೆ ಸೇರಿದ ದಿನದಿಂದಲ್ಲ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ 1992ರಿಂದ ನಡೆಯುತ್ತಿರುವ ‘ಪ್ರಾಜೆಕ್ಟ್ ಕ್ವೆಸ್ಟ್’ ಕಾಲೇಜು ಶುಲ್ಕ, ಪುಸ್ತಕ, ಸಾರಿಗೆಗೆ ನೆರವು ಕೊಟ್ಟು, ವಾರಕ್ಕೊಮ್ಮೆ ಸಲಹೆಗಾರರ ಜೊತೆ ಕೂರಿಸಿ ಆರೋಗ್ಯ ಕ್ಷೇತ್ರದಂಥ ಕೆಲಸಗಳಿಗೆ ತಯಾರು ಮಾಡುತ್ತದೆ. ಓದುವ ಅವಧಿಯಲ್ಲಿ ಅವರ ಗಳಿಕೆ ಇತರರಿಗಿಂತ ಹಿಂದಿತ್ತು, ಮೂರನೆಯ ವರ್ಷದಿಂದ ಮುಂದೆ ಹೋಯಿತು, ಒಂಬತ್ತು ವರ್ಷದ ನಂತರವೂ ಮುಂದೆಯೇ ಇತ್ತು. ಆತುರದ ಲೆಕ್ಕ ಹಿಡಿದಿದ್ದರೆ ಆ ಯೋಜನೆ ಎರಡನೆಯ ವರ್ಷಕ್ಕೇ ಮುಚ್ಚುತ್ತಿತ್ತು.

ಕೊನೆಯದಾಗಿ ತಮ್ಮ ಪತ್ರಿಕೆಗೆ ಒಂದು ಕೋರಿಕೆ. ಉದ್ಯೋಗ ಮೇಳದ ಸುದ್ದಿ ಬರೆದ ವರದಿಗಾರರು, ನೇಮಕಾತಿ ಪತ್ರ ಪಡೆದವರ ಪಟ್ಟಿಯನ್ನು ಅಂದೇ ಕೇಳಿ ಇಟ್ಟುಕೊಳ್ಳಲಿ. ಆರು ತಿಂಗಳ ನಂತರ ಅದರಿಂದ 200 ಹೆಸರುಗಳನ್ನು ಚೀಟಿ ಎತ್ತಿ ಆರಿಸಿ ಫೋನ್ ಮಾಡಲಿ. ಮೂರೇ ಪ್ರಶ್ನೆ: ಕೆಲಸಕ್ಕೆ ಸೇರಿದಿರಾ, ಈಗ ಅಲ್ಲೇ ಇದ್ದೀರಾ ಅಥವಾ ಬೇರೆ ಕಡೆ ಇದ್ದೀರಾ, ಬಿಟ್ಟಿದ್ದರೆ ಯಾವ ವಾರದಲ್ಲಿ ಏಕೆ ಬಿಟ್ಟಿರಿ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಕರೆ ಮಾಡಿಯೂ ಸಿಗದವರನ್ನು ‘ತಿಳಿಯದು’ ಎಂದೇ ಬರೆಯಬೇಕು. ಅವರನ್ನು ಕೆಲಸದಲ್ಲಿರುವವರ ಲೆಕ್ಕಕ್ಕೆ ಸೇರಿಸುವುದೇ ಸಂಖ್ಯೆ ಉಬ್ಬಿಸುವ ಸುಲಭದ ದಾರಿ. 200 ಮಂದಿಯನ್ನು ಕೇಳಿದರೆ ಬರುವ ಪ್ರತಿಶತ ಸಾಮಾನ್ಯವಾಗಿ ಹೆಚ್ಚೆಂದರೆ ಏಳು ಅಂಶ ಅತ್ತಿತ್ತ ಆಗಬಹುದು, 50 ಮಂದಿಯನ್ನಷ್ಟೇ ಕೇಳಿದರೆ ಹದಿನಾಲ್ಕು. ಇಬ್ಬರು ನಾಲ್ಕು ದಿನ ಕೂತರೆ ಮುಗಿಯುವ ಕೆಲಸ. ಮೇಳದ ಸುದ್ದಿ ಬಂದ ಪುಟದಲ್ಲೇ, ಅಷ್ಟೇ ಅಗಲದ ಜಾಗದಲ್ಲಿ ಆ ಸಂಖ್ಯೆಯೂ ಬರಲಿ.

ಇಂತಿ ತಮ್ಮ ವಿಶ್ವಾಸಿಗಳು,
ಕೌಶಲ ತರಬೇತಿ ಮತ್ತು ನೇಮಕಾತಿ ಕ್ಷೇತ್ರದಲ್ಲಿ ದುಡಿಯುವ ಓದುಗರು